ನೀಲಿ ಉಡುಪಿನವಳನ್ನು ನೋಡುವ ಬಗೆ: ಬಟ್ಟೆ ಮೊದಲು, ಮುಖ ಆಮೇಲೆ

ಸೀರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿದ ಬಣ್ಣವನ್ನು ಅಮ್ಮ ಎಂದೂ ನಂಬಿದವಳಲ್ಲ. ಮಡಿಕೆ ಬಿಚ್ಚಿಸಿ, ‘ಸ್ವಲ್ಪ ಬಾಗಿಲ ಬೆಳಕಿಗೆ ಹಿಡಿಯಪ್ಪ’ ಎನ್ನುತ್ತಿದ್ದಳು. ಅಂಗಡಿಯ ಹುಡುಗ ಗೊಣಗುತ್ತಾ ಸೀರೆಯನ್ನು ಹೊಸ್ತಿಲಿಗೆ ತಂದರೆ, ಒಳಗೆ ನವಿಲುಗರಿಯಂತೆ ಹೊಳೆದದ್ದು ಹೊರಗೆ ಬರೀ ನೀಲಿಯಾಗಿರುತ್ತಿತ್ತು. ಆಮೇಲೆ ಸೆರಗನ್ನು ಒಡಲಿನ ಪಕ್ಕಕ್ಕಿಟ್ಟು ನೋಡುವಳು. ಎರಡು ಹೆಜ್ಜೆ ಹಿಂದೆ ಸರಿಯುವಳು. ಮತ್ತೆ ಹತ್ತಿರ ಬಂದು ಅಂಚನ್ನು ಬೆರಳುಗಳ ನಡುವೆ ತಿಕ್ಕುವಳು. ಇಷ್ಟೆಲ್ಲ ಆಗುವವರೆಗೆ ಬೆಲೆಯ ಮಾತೇ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ, ಕಣ್ಣಿಗೆ ಕಂಡ ಬೆಳಕನ್ನೂ ಬಣ್ಣವನ್ನೂ ಹಿಡಿಯಹೊರಟ ಇಂಪ್ರೆಷನಿಸ್ಟ್ ಕಲಾವಿದರು ಬರೆದ ಸೊಗಸುಗಾತಿಯರ ಚಿತ್ರಗಳನ್ನು ನೋಡಲು ಬೇಕಾದ ತರಬೇತಿ ಇದೇ. ನಮ್ಮ ಮನೆಗಳಲ್ಲಿ ಅದು ಧಾರಾಳವಾಗಿದೆ. ಆದರೆ ಚಿತ್ರದ ಮುಂದೆ ನಿಂತ ಕೂಡಲೇ ನಾವು ಅದನ್ನು ಮರೆತು ಮುಖದ ಕಡೆ ಧಾವಿಸುತ್ತೇವೆ. ಯಾರಿವಳು, ಏನು ಯೋಚಿಸುತ್ತಿದ್ದಾಳೆ, ದುಃಖವಿದೆಯೇ ಎಂದು ಕೇಳಿಕೊಂಡು, ಎರಡು ನಿಮಿಷದಲ್ಲಿ ಉತ್ತರ ಸಿಗದೆ ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಈ ಲೇಖನದಲ್ಲಿ ಹೇಳುವ ಕ್ರಮ ಇದಕ್ಕೆ ತಿರುವುಮುರುವು. ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಒಂದೇ ಒಂದು ಚಿತ್ರ ಸಾಕು.

ನಾನು ಆರಿಸಿಕೊಂಡಿರುವುದು ಅವರಲ್ಲೊಬ್ಬನಾದ ಪಿಯೆರ್ ಒಗುಸ್ತ್ ರೆನ್ವಾರ್ 1874ರಲ್ಲಿ ಬರೆದ ‘ಲಾ ಪಾರಿಸಿಯೆನ್’, ಎಂದರೆ ‘ಪ್ಯಾರಿಸಿನವಳು’. ಆ ವರ್ಷದ ಏಪ್ರಿಲ್ 15ರಂದು, ಛಾಯಾಗ್ರಾಹಕ ನಾಡಾರ್ ಖಾಲಿ ಮಾಡಿದ್ದ ಸ್ಟುಡಿಯೋದಲ್ಲಿ, ಮುಂದೆ ಇಂಪ್ರೆಷನಿಸ್ಟರು ಎಂದು ಹೆಸರಾದವರ ಮೊದಲ ಪ್ರದರ್ಶನ ತೆರೆಯಿತು. ಅಲ್ಲಿಗೆ ರೆನ್ವಾರ್ ಕೊಟ್ಟ ಚಿತ್ರಗಳಲ್ಲಿ ಇದೂ ಒಂದು. ಈಗ ಇರುವುದು ವೇಲ್ಸ್‌ನ ಕಾರ್ಡಿಫ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ವೆಲ್ಷ್ ಕಲ್ಲಿದ್ದಲು ಮತ್ತು ರೈಲ್ವೆಯಿಂದ ಸಿರಿವಂತವಾದ ಮನೆತನದ ಗ್ವೆಂಡೊಲಿನ್ ಡೇವಿಸ್ 1913ರಲ್ಲಿ ಇದನ್ನು ಕೊಂಡು, ತನ್ನ ಉಯಿಲಿನ ಮೂಲಕ ಸಂಗ್ರಹಾಲಯಕ್ಕೆ ಬಿಟ್ಟುಹೋದಳು. ಅಲ್ಲಿನವರು ಇದನ್ನು ‘ನೀಲಿ ಹೆಂಗಸು’ ಎಂದೇ ಕರೆಯುತ್ತಾರೆ. ಸಂಗ್ರಹಾಲಯದ ಜಾಲತಾಣದಲ್ಲಿ ಚಿತ್ರ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡು ಮುಂದೆ ಓದಿ.

ಮೊದಲ ಕೆಲಸ: ಬೆಳಕು ಮತ್ತು ಅಳತೆ

ಮೊಬೈಲಿನಲ್ಲಿ ನೋಡುವವರು ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಗೊಳಿಸುವ ಸೌಲಭ್ಯವನ್ನು ಮೊದಲು ನಿಲ್ಲಿಸಿ. ರಾತ್ರಿ ಹೊತ್ತು ಅದು ತಾನಾಗಿಯೇ ಚಾಲೂ ಆಗಿರಬಹುದು. ಇಡೀ ಚಿತ್ರವೇ ನೀಲಿಯ ಮೇಲೆ ನಿಂತಿರುವಾಗ ಆ ಹಳದಿ ಎಲ್ಲವನ್ನೂ ಕೆಸರು ಮಾಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಸೀರೆ ಕೊಂಡ ಹಾಗೆಯೇ.

ಆಮೇಲೆ ಅಳತೆ. ಈ ಚಿತ್ರ ಸುಮಾರು 163 ಸೆಂಟಿಮೀಟರ್ ಎತ್ತರ, 108 ಸೆಂಟಿಮೀಟರ್ ಅಗಲ. ಎಂದರೆ ಎತ್ತರ ಐದು ಅಡಿ ನಾಲ್ಕು ಅಂಗುಲ. ಟೇಪು ಹಿಡಿದು ಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ನಾಲ್ಕು ಮೂಲೆ ಗುರುತಿಸಿ, ಎದುರಿಗೆ ನಿಂತುಕೊಳ್ಳಿ. ಹುಡುಗಾಟ ಅನ್ನಿಸಬಹುದು, ಆದರೂ ಮಾಡಿ. ಅಂಗೈಯಗಲದ ಪರದೆಯಲ್ಲಿ ಗೊಂಬೆಯಂತೆ ಕಂಡವಳು ಈಗ ನಿಮ್ಮೆದುರು ಹೆಚ್ಚುಕಡಿಮೆ ಆಳೆತ್ತರಕ್ಕೆ ನಿಂತಿರುತ್ತಾಳೆ. ಆಳೆತ್ತರದ ಚಿತ್ರವೆಂದರೆ ಅಲ್ಲಿಯವರೆಗೆ ಸಾಮಾನ್ಯವಾಗಿ ದೊರೆ, ದೊರೆಸಾನಿ, ಇಲ್ಲವೇ ಹಣ ಕೊಟ್ಟು ಬರೆಸಿಕೊಂಡ ಶ್ರೀಮಂತರದ್ದು. ಇವಳು ಅವರ ಪೈಕಿ ಅಲ್ಲ. ಹಣ ಕೊಟ್ಟು ಬರೆಸಿದವರು ಯಾರೂ ಇರಲಿಲ್ಲ.

ಹೆಬ್ಬೆರಳಿನಿಂದ ಮುಖ ಮುಚ್ಚಿ

ನಿಜವಾಗಿಯೂ ಮುಚ್ಚಿ. ಪರದೆಯ ಮೇಲೆ ಹೆಬ್ಬೆರಳಿಟ್ಟು ಐದು ನಿಮಿಷ ಉಡುಪನ್ನಷ್ಟೇ ನೋಡಿ.

ನೆತ್ತಿಯ ಟೋಪಿಯಿಂದ ನೆಲದವರೆಗೆ ನೀಲಿ ಸುರಿದುಕೊಂಡು ಬಂದಿದೆ. ಮೇಲೆ ಜಾಕೆಟ್ಟು, ಕೆಳಗೆ ಲಂಗ, ಎಲ್ಲೆಡೆ ನೆರಿಗೆ ಹಿಡಿದು ಹೊಲಿದ ಪಟ್ಟಿಗಳು. ಕೈಗವಸು ಎಳೆದುಕೊಳ್ಳುತ್ತಿರುವ ಕೈಗಳು. ಹೊರಗೆ ಹೊರಟವಳ ಉಡುಪು ಇದು. ಮನೆಯೊಳಗೆ ಕೈಗವಸಿಗೇನು ಕೆಲಸ? ಈ ಒಂದು ಸುಳಿವಿನಿಂದಲೇ ಅವಳು ರಸ್ತೆಗೆ ಸೇರಿದವಳು, ನಡೆಯುವವಳು, ನೋಡುವವಳು, ನೋಡಿಸಿಕೊಳ್ಳುವವಳು ಎಂದು ಗೊತ್ತಾಗುತ್ತದೆ.

ರೆನ್ವಾರ್ ಇದನ್ನೆಲ್ಲ ಹೊರಗಿನವನಾಗಿ ನೋಡಿದ್ದಲ್ಲ. ಅವನ ಅಪ್ಪ ದರ್ಜಿ, ಅಮ್ಮ ಬಟ್ಟೆ ಹೊಲಿಯುವವಳು. 1841ರಲ್ಲಿ ಲಿಮೋಜ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಪ್ಯಾರಿಸಿಗೆ ಬಂದ ಹುಡುಗ ಕತ್ತರಿ, ಸೂಜಿ, ಅಳತೆಪಟ್ಟಿಗಳ ನಡುವೆ ಬೆಳೆದವನು. ಬಟ್ಟೆಯ ತುಂಡೊಂದು ನೆರಿಗೆ ಹಿಡಿದಾಗ ಎಲ್ಲಿ ಉಬ್ಬುತ್ತದೆ, ತನ್ನ ಭಾರಕ್ಕೆ ಎಲ್ಲಿ ಜೋಲುತ್ತದೆ ಎಂಬುದನ್ನು ಅವನು ಕಲಾಶಾಲೆಗಿಂತ ಮೊದಲೇ ಕಲಿತಿರಬೇಕು ಎಂಬುದು ನನ್ನ ಗುಮಾನಿ.

ಉಡುಪಿನ ಇಸವಿ ಹೇಳಲು ಕಲಿಯಿರಿ

ಮದುವೆಯ ಆಲ್ಬಮ್ ತೆರೆದು ರವಿಕೆಯ ತೋಳು ನೋಡಿಯೇ ‘ಇದು ಎಪ್ಪತ್ತರ ದಶಕದ್ದು’ ಎನ್ನುವ ಅತ್ತೆ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪ್ಯಾರಿಸಿನ ಉಡುಪುಗಳಿಗೂ ಅದೇ ವಿದ್ಯೆ ನಡೆಯುತ್ತದೆ, ಮತ್ತು ಕಷ್ಟವೇನಲ್ಲ. ಲಂಗದ ಆಕಾರವೊಂದನ್ನು ಗಮನಿಸಿದರೆ ಸಾಕು.

1860ರ ಆಸುಪಾಸಿನ ಲಂಗ ಸುತ್ತಲೂ ಗಂಟೆಯಂತೆ ಅರಳಿರುತ್ತದೆ. ಒಳಗೆ ಉಕ್ಕಿನ ಬಳೆಗಳ ಪಂಜರವಿರುತ್ತಿತ್ತು. ಆ ದಶಕದ ಕೊನೆಗೆ ಮುಂಭಾಗ ಚಪ್ಪಟೆಯಾಗಿ, ಬಟ್ಟೆಯ ರಾಶಿಯೆಲ್ಲ ಹಿಂದಕ್ಕೆ ಸರಿದು ಸೊಂಟದ ಕೆಳಗೆ ಗುಡ್ಡೆಯಾಗುತ್ತದೆ. ಒಳಗಿನ ದಿಂಬನ್ನೋ ಚೌಕಟ್ಟನ್ನೋ ಬಸಲ್ ಎಂದು ಕರೆಯುತ್ತಾರೆ. 1870ರ ದಶಕದ ಕೊನೆಗೆ ಆ ಗುಡ್ಡೆ ಕರಗಿ ಲಂಗ ಮೈಗೆ ಅಂಟುತ್ತದೆ. 1883ರ ನಂತರ ಮತ್ತೆ ಎದ್ದು ನಿಲ್ಲುತ್ತದೆ. ಈ ಸಲ ಮೇಲೆ ಕಾಫಿ ಲೋಟ ಇಡಬಹುದೇನೋ ಎನ್ನುವಷ್ಟು ನೇರವಾಗಿ ಹಿಂದಕ್ಕೆ ಚಾಚಿಕೊಂಡು. ನಮ್ಮ ನೀಲಿ ಉಡುಪಿನವಳು ಇವುಗಳಲ್ಲಿ ಎಲ್ಲಿಗೆ ಸೇರುತ್ತಾಳೆ ಎಂದು ಈಗ ನೀವೇ ಹೇಳಿ. ಮುಂಭಾಗ, ಹಿಂಭಾಗ ಹೋಲಿಸಿ ನೋಡಿ.

ಈ ವಿದ್ಯೆ ಬರೀ ಮೋಜಿಗಲ್ಲ. ರೆನ್ವಾರ್‌ನದೇ ‘ಛತ್ರಿಗಳು’ ಎಂಬ ಚಿತ್ರ ಲಂಡನ್ ಮತ್ತು ಡಬ್ಲಿನ್‌ಗಳ ನಡುವೆ ಹಂಚಿಕೊಂಡು ಪ್ರದರ್ಶನವಾಗುತ್ತದೆ. ಅದರ ಬಲಗಡೆ ಮಕ್ಕಳೊಂದಿಗಿರುವ ಹೆಂಗಸಿನ ಉಡುಪು 1881ರ ಸುಮಾರಿನದು. ಎಡಗಡೆ ಬುಟ್ಟಿ ಹಿಡಿದವಳದು 1885–86ರ ಮಾದರಿಯದು. ಒಂದೇ ಮಳೆಯಲ್ಲಿ ನಿಂತಿರುವ ಇಬ್ಬರ ನಡುವೆ ನಾಲ್ಕೈದು ವರ್ಷಗಳ ಅಂತರ! ಚಿತ್ರವನ್ನು ಒಮ್ಮೆ ನಿಲ್ಲಿಸಿ, ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡಿದ್ದ ಎಂಬುದಕ್ಕೆ ಉಡುಪೇ ಸಾಕ್ಷಿ. ಪ್ರಯೋಗಾಲಯದ ಪರೀಕ್ಷೆಯೂ ಅದನ್ನೇ ಹೇಳಿತು. ಮೊದಲ ಹಂತದ ನೀಲಿ ಕೋಬಾಲ್ಟ್ ಎಂಬ ಬಣ್ಣದ್ದು, ನಂತರದ ಹಂತದ್ದು ಅಲ್ಟ್ರಾಮರೀನ್ ಎಂಬ ಬೇರೆಯೇ ನೀಲಿ. ಹೊಲಿಗೆ ಬಲ್ಲವರು ಕಣ್ಣಲ್ಲೇ ಹಿಡಿಯಬಹುದಾದದ್ದನ್ನು ರಸಾಯನಶಾಸ್ತ್ರ ಖಚಿತಪಡಿಸಿತು ಎನ್ನಬೇಕು.

ನೀಲಿಗಳನ್ನು ಎಣಿಸಿ

ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಲಂಗದ ಯಾವುದಾದರೂ ಒಂದು ನೆರಿಗೆಯನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ. ಒಂದು ಕಾಗದ ತೆಗೆದುಕೊಂಡು, ಕಂಡ ಒಂದೊಂದು ನೀಲಿಗೂ ನಿಮಗೆ ಗೊತ್ತಿರುವ ಹೆಸರು ಬರೆಯಿರಿ. ಬಟ್ಟೆಗೆ ಹಾಕುವ ನೀಲಿ, ಶಾಯಿ ನೀಲಿ, ಆಕಾಶ, ನೇರಳೆ ಹಣ್ಣಿನ ತಿರುಳು, ಶಂಖಪುಷ್ಪ, ಮಳೆಮೋಡ. ಪಟ್ಟಿ ಎಷ್ಟು ಉದ್ದವಾದೀತೆಂದು ಮೊದಲೇ ಅಂದಾಜು ಮಾಡಬೇಡಿ.

ಬರೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿರಿ: ನೆರಳು ಯಾವ ಬಣ್ಣದ್ದು? ಹಳೆಯ ಪದ್ಧತಿಯ ಚಿತ್ರಕಾರ ನೆರಳಿಗೆ ಕಂದನ್ನೋ ಕಪ್ಪನ್ನೋ ಬೆರೆಸಿ ಬಣ್ಣವನ್ನು ಮಂಕು ಮಾಡುತ್ತಿದ್ದ. ಇಲ್ಲಿ ನೆರಿಗೆಯ ಗುಂಡಿಗೆ ಇಳಿದಾಗಲೂ ನೀಲಿ ಸಾಯುವುದಿಲ್ಲ. ಇನ್ನಷ್ಟು ಗಾಢ ನೀಲಿಯಾಗುತ್ತದೆ, ಅಷ್ಟೇ. ಉಡುಪು ಒಳಗಿನಿಂದ ಬೆಳಗಿದಂತೆ ಕಾಣುವುದು ಇದರಿಂದಲೇ.

ಇನ್ನೊಂದು ಚಮತ್ಕಾರವಿದೆ. ಚಿತ್ರಕಾರ ಪಾಲ್ ಸಿನ್ಯಾಕ್ 1898ರಲ್ಲಿ ಇದನ್ನು ನೋಡಿ ತನ್ನ ದಿನಚರಿಯಲ್ಲಿ ಗುರುತು ಹಾಕಿಕೊಂಡ: ಉಡುಪಿನ ತೀವ್ರ ನೀಲಿ ಪಕ್ಕದಲ್ಲಿರುವುದರಿಂದ ಮೈಬಣ್ಣ ಹಳದಿಯಾಗಿ ಕಾಣುತ್ತದೆ, ಅದೇ ನೀಲಿಯ ಪ್ರತಿಫಲನ ಬಿದ್ದು ಹಸಿರೂ ಆಗುತ್ತದೆ. ಈ ಗುಟ್ಟು ಬಣ್ಣದ ತಟ್ಟೆಯಿಂದ ಬಂದದ್ದಲ್ಲ, ನೂಲಿನಿಂದ ಬಂದದ್ದು. ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದವನು ಮಿಶೆಲ್ ಯೂಜೀನ್ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ. ನಿಮ್ಮ ಕಪ್ಪು ನೂಲಿಗೆ ಕಸುವಿಲ್ಲ ಎಂದು ಅವನಿಗೆ ದೂರು ಬಂತು. ಪರೀಕ್ಷಿಸಿದ. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳಿಂದಾಗಿ ಕಪ್ಪು ಸೊರಗಿದಂತೆ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರುವ ಈ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮುಂದಿನ ತಲೆಮಾರಿನ ಚಿತ್ರಕಾರರಿಗೆ ಅದು ಕೈಪಿಡಿಯಾಯಿತು.

ನೀವೂ ಮಾಡಿ ನೋಡಿ. ಬೂದು ಬಣ್ಣದ ಕಾಗದದಿಂದ ಒಂದೇ ಅಳತೆಯ ಎರಡು ಚೂರು ಕತ್ತರಿಸಿ. ಒಂದನ್ನು ಗಾಢ ನೀಲಿ ಸೀರೆಯ ಮೇಲೆ, ಇನ್ನೊಂದನ್ನು ಅರಿಸಿನ ಬಣ್ಣದ ಬಟ್ಟೆಯ ಮೇಲೆ ಇಡಿ. ಹಗಲು ಬೆಳಕಿನಲ್ಲಿ, ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಎರಡೂ ಒಂದೇ ಕಾಗದದ ಚೂರುಗಳು ಎಂದು ಕಣ್ಣು ಸುಲಭಕ್ಕೆ ಒಪ್ಪುವುದಿಲ್ಲ. ಸೆರಗನ್ನು ಒಡಲಿನ ಪಕ್ಕಕ್ಕಿಟ್ಟು ನೋಡುತ್ತಿದ್ದ ಅಮ್ಮನಿಗೆ ಶೆವ್ರೊಲ್ ಗೊತ್ತಿರಲಿಲ್ಲ.

ಹತ್ತಿರ, ದೂರ

ಈಗ ಲಂಗದ ಅಂಚಿಗೆ ಇಳಿಯಿರಿ. ಪೂರ್ತಿ ದೊಡ್ಡದು ಮಾಡಿದಾಗ ಅಲ್ಲಿ ಬಟ್ಟೆಯೇ ಇರುವುದಿಲ್ಲ! ಕುಂಚ ಎಳೆದ ಗೀರುಗಳು, ಒಂದರ ಮೇಲೊಂದು ಹಾದ ಬಣ್ಣದ ಪಟ್ಟೆಗಳು. ನಿಧಾನವಾಗಿ ಚಿಕ್ಕದು ಮಾಡುತ್ತಾ ಬನ್ನಿ. ಯಾವ ಹಂತದಲ್ಲಿ ಗೀರುಗಳು ನೆರಿಗೆಯಾದವು? ಆ ಜಾಗವನ್ನು ಗುರುತಿಟ್ಟುಕೊಳ್ಳಿ. ಸಂಗ್ರಹಾಲಯದಲ್ಲಾದರೆ ಇದನ್ನು ಕಾಲಲ್ಲಿ ಮಾಡಬೇಕು. ಒಂದು ಹೆಜ್ಜೆ ದೂರದಿಂದ ಆರಂಭಿಸಿ ಹಿಂದಕ್ಕೆ ನಡೆಯುತ್ತಾ ಹೋಗಬೇಕು. ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿಕೊಂಡರೆ ಒಳ್ಳೆಯದು.

ವ್ಯತ್ಯಾಸ ಮನಸ್ಸಿಗೆ ಇಳಿಯಬೇಕಾದರೆ ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಮೂಲಚಿತ್ರಗಳ ಮುಂದೆ ನಿಂತುಕೊಳ್ಳಿ. ರವಿವರ್ಮ ರೆನ್ವಾರ್‌ಗಿಂತ ಏಳೇ ವರ್ಷ ಚಿಕ್ಕವನು, ಬಳಸಿದ್ದು ಅದೇ ಎಣ್ಣೆಬಣ್ಣ. ಆದರೆ ಅವನ ಜರಿಯಂಚು ಹತ್ತಿರ ಹೋದಷ್ಟೂ ಜರಿಯಂಚಾಗಿಯೇ ಉಳಿಯುತ್ತದೆ. ಒಡವೆ ಒಡವೆಯಾಗಿಯೇ ಇರುತ್ತದೆ. ಒಬ್ಬನು ಬಟ್ಟೆ ಏನೆಂದು ಬರೆದ, ಮತ್ತೊಬ್ಬನು ಬಟ್ಟೆ ಹೇಗೆ ಕಂಡಿತೆಂದು ಬರೆದ. ಯಾರು ಹೆಚ್ಚು ಎಂದು ನನ್ನನ್ನು ಕೇಳಬೇಡಿ, ದಿನಕ್ಕೊಂದು ಉತ್ತರ ಕೊಟ್ಟೇನು.

ಲಂಗದ ಅಂಚಿನಲ್ಲಿರುವಾಗಲೇ ಒಂದು ಚಿಕ್ಕ ವಸ್ತುವನ್ನು ಹುಡುಕಿ: ಬೂಟಿನ ತುದಿ. 1874ರಲ್ಲಿ ಪತ್ರಿಕೆಯೊಂದರ ವಿಮರ್ಶಕ ಅದನ್ನು ಇಣುಕುತ್ತಿರುವ ಕಪ್ಪು ಇಲಿಮರಿಗೆ ಹೋಲಿಸಿದ್ದ. ಒಮ್ಮೆ ಹಾಗೆ ಕೇಳಿದ ಮೇಲೆ ಬೇರೆ ರೀತಿ ನೋಡಲು ಸಾಧ್ಯವೇ ಇಲ್ಲ, ಕ್ಷಮಿಸಿ.

ಅವಳು ಎಲ್ಲಿ ನಿಂತಿದ್ದಾಳೆ?

ಬೂಟಿನ ಕೆಳಗೆ ನೆಲವಿದೆಯೇ ಎಂದು ನೋಡಿ. ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬ ಗೆರೆ ಸಿಗುವುದಿಲ್ಲ. ಸುತ್ತಲೂ ತೆಳುವಾದ ನೀಲಿ-ಬೂದು ಆವಿ. ಇದು ಸೋಮಾರಿತನವಲ್ಲ. ಎಕ್ಸ್-ರೇ ಹಿಡಿದಾಗ ಕಂಡದ್ದೇನೆಂದರೆ, ರೆನ್ವಾರ್ ಮೊದಲು ಒಂದು ಕಡೆ ಬಾಗಿಲನ್ನೂ ಇನ್ನೊಂದು ಕಡೆ ಪರದೆಯನ್ನೂ ಬರೆದಿದ್ದ. ಆಮೇಲೆ ಎರಡನ್ನೂ ಬಣ್ಣ ಬಳಿದು ಮುಚ್ಚಿಬಿಟ್ಟ.

ಬಾಗಿಲು ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅದು ಯಾರದೋ ಮನೆಯಾಗುತ್ತಿತ್ತು. ಅವಳು ಯಾರದೋ ಹೆಂಡತಿಯೋ ಮಗಳೋ ಆಗುತ್ತಿದ್ದಳು, ಎಲ್ಲಿಗೆ ಹೊರಟಳು ಎಂಬ ಕಥೆ ಹುಟ್ಟುತ್ತಿತ್ತು. ಬಾಗಿಲು ಹೋದ ಮೇಲೆ ಉಳಿದದ್ದು ಉಡುಪು ಮತ್ತು ಅದನ್ನು ಹೊತ್ತ ನಿಲುವು. ಹೆಸರೂ ಅದಕ್ಕೆ ತಕ್ಕುದೇ. ಇಂಥವರ ಮಗಳು ಎಂದಿಲ್ಲ, ಬರೀ ‘ಪ್ಯಾರಿಸಿನವಳು’.

ಈಗ ಹೆಬ್ಬೆರಳು ತೆಗೆಯಿರಿ

ಇಷ್ಟು ಹೊತ್ತಿನ ಮೇಲೆ ಮುಖ ನೋಡಿದಾಗ ಮೊದಲು ಅನ್ನಿಸುವುದು, ಇದು ಎಷ್ಟು ಚಿಕ್ಕದು ಎಂದು. ಅಷ್ಟು ದೊಡ್ಡ ನೀಲಿಯ ತುದಿಯಲ್ಲಿ ಒಂದು ಪುಟ್ಟ, ನಯವಾದ ಮುಖ. ಲಂಗದಲ್ಲಿ ಕಂಡ ಗೀರುಗಳು ಇಲ್ಲಿಲ್ಲ, ಕುಂಚ ಮೆತ್ತಗಾಗಿದೆ. ರೆನ್ವಾರ್ ಹದಿಮೂರನೆಯ ವಯಸ್ಸಿಗೇ ಪಿಂಗಾಣಿ ಸಾಮಾನುಗಳ ಮೇಲೆ ಹೂವು ಬರೆಯುವ ಕೆಲಸಕ್ಕೆ ಸೇರಿದ್ದ. ಹೊಳೆಯುವ ಮೇಲ್ಮೈ ಮೇಲೆ ತೆಳುಬಣ್ಣ ಹರಡುವ ಆ ಕೈ ಈ ಕೆನ್ನೆಯ ಮೇಲೆ ಮತ್ತೆ ಕಾಣಿಸಿಕೊಂಡಿದೆ ಎಂದೇ ನಾನು ಓದುತ್ತೇನೆ.

ರೂಪದರ್ಶಿಯಾದವಳು ಆನ್ರಿಯೆತ್ ಆನ್ರಿಯೊ, ಓದಿಯೊನ್ ರಂಗಮಂದಿರದ ನಟಿ, ಇನ್ನೂ ಹದಿಹರೆಯದವಳು. ಆ ಇಲಿಮರಿಯ ವಿಮರ್ಶಕನಿಗೆ ಈ ಮುಖದಲ್ಲಿ ಮಗುತನವೂ ಮುದಿತನವೂ ವಿಚಿತ್ರವಾಗಿ ಬೆರೆತಂತೆ ತೋರಿತು. ಅವನ ಮಾತಿನಲ್ಲಿ ಚುಚ್ಚು ಇದೆ, ಆದರೆ ಕಣ್ಣು ತಪ್ಪಿಲ್ಲ. ನಟಿ ದೊಡ್ಡವಳ ಉಡುಪು ತೊಟ್ಟು ಒಂದು ಪಾತ್ರ ವಹಿಸಿದ್ದಾಳೆ, ಆ ಪಾತ್ರದ ಹೆಸರು ಪ್ಯಾರಿಸಿನವಳು. ಮುಖದಿಂದ ಶುರು ಮಾಡಿದವರಿಗೆ ಇದು ಅರೆಬರೆ ಭಾವಚಿತ್ರ. ಬಟ್ಟೆಯಿಂದ ಬಂದವರಿಗೆ, ಉಡುಪೇ ಮುಖ್ಯಪಾತ್ರವಾಗಿ, ತೊಟ್ಟವಳು ಅದಕ್ಕೆ ಜೀವ ಕೊಡುವ ನಾಟಕ.

ಕೈ ಪಳಗಿಸಲು ಇನ್ನೆರಡು

ಅದೇ 1874ರ ಪ್ರದರ್ಶನದಲ್ಲಿದ್ದ ರೆನ್ವಾರ್‌ನ ‘ಲಾ ಲೋಜ್’, ಅಂದರೆ ನಾಟಕಶಾಲೆಯ ಬಾಲ್ಕನಿ, ಈಗ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. ಕಪ್ಪು-ಬಿಳುಪು ಪಟ್ಟೆಯ ಉಡುಪು, ಕೊರಳಿಗೆ ಮುತ್ತು. ಇಂಪ್ರೆಷನಿಸ್ಟರು ಕಪ್ಪು ಮುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಚಿತ್ರ ತೋರಿಸಿ. ಆ ಕಪ್ಪು ಪಟ್ಟೆಯೊಳಗೆ ಎಷ್ಟು ನೀಲಿಯಿದೆ ಎಂದು ಎಣಿಸುವುದು ನಿಮಗೆ ಮನೆಗೆಲಸ. ಹಿಂದಿನ ಗಂಡಸು ದುರ್ಬೀನು ಹಿಡಿದು ನೋಡುತ್ತಿರುವುದು ರಂಗದ ಕಡೆಗಲ್ಲ, ಮೇಲಿನ ಬಾಲ್ಕನಿಗಳ ಕಡೆಗೆ. ಅದನ್ನೂ ಗಮನಿಸಿ.

ಎರಡನೆಯದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ 1878ರ ‘ಮದಾಮ್ ಶಾರ್ಪಾಂತಿಯೆ ಮತ್ತು ಮಕ್ಕಳು’. ಇಲ್ಲಿ ಎಲ್ಲವೂ ಉಲ್ಟಾ. ಹೆಸರಿದೆ, ಗಂಡ ಪ್ರಕಾಶಕ, ಜಪಾನಿ ಶೈಲಿಯಲ್ಲಿ ಸಿಂಗರಿಸಿದ ಕೋಣೆಯಿದೆ, ದೊಡ್ಡ ನಾಯಿಯಿದೆ. ಪ್ಯಾರಿಸಿನವಳಿಗೆ ಏನೇನನ್ನು ಕೊಡಲಿಲ್ಲವೋ ಅದೆಲ್ಲವೂ ಇಲ್ಲಿದೆ. ಹಣ ಕೊಟ್ಟು ಬರೆಸಿದ ಚಿತ್ರ ಹೇಗೆ ಮಾತಾಡುತ್ತದೆ ಎಂದು ತಿಳಿಯಲು ಎರಡನ್ನೂ ಪಕ್ಕಪಕ್ಕ ಇಡಿ. ಪಕ್ಕದಲ್ಲಿರುವ ಇಬ್ಬರು ಪುಟ್ಟ ಹುಡುಗಿಯರಲ್ಲಿ ಒಬ್ಬಳು ಹುಡುಗಿಯಲ್ಲ, ಅಕ್ಕನಂತೆಯೇ ಉಡುಪು ತೊಟ್ಟ ಮೂರು ವರ್ಷದ ಮಗ ಪಾಲ್. ಗಂಡುಮಗುವಿಗೆ ಮೊಗ್ಗಿನ ಜಡೆ ಹಾಕಿ, ಲಂಗ ತೊಡಿಸಿ ಸ್ಟುಡಿಯೋಗೆ ಕರೆದೊಯ್ದು ಫೋಟೊ ತೆಗೆಸಿದ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಕಾರ್ಡಿಫ್‌ಗೆ ಹೋಗುವವರಿಗೆ

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದು ಒಂದು ದಿನದ ಕೆಲಸ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಸಂಗ್ರಹಾಲಯ ಕ್ಯಾಥೇಸ್ ಪಾರ್ಕ್‌ನಲ್ಲಿದೆ, ಪ್ರವೇಶಕ್ಕೆ ಹಣವಿಲ್ಲ. ಸಾಮಾನ್ಯವಾಗಿ ಸೋಮವಾರ ಬಾಗಿಲು ಹಾಕಿರುತ್ತದೆ. ಪ್ರಸಿದ್ಧ ಚಿತ್ರಗಳು ಆಗಾಗ ಬೇರೆ ಊರುಗಳ ಪ್ರದರ್ಶನಕ್ಕೆ ಹೋಗುತ್ತವೆ, ಆದ್ದರಿಂದ ಅವಳು ಮನೆಯಲ್ಲಿದ್ದಾಳೆಯೇ ಎಂದು ಟಿಕೆಟ್ ತೆಗೆಸುವ ಮುಂಚೆ ವಿಚಾರಿಸಿಕೊಳ್ಳಿ. ಮುಂದೆ ನಿಂತಾಗ ಮೊಬೈಲನ್ನು ಜೇಬಿಗೆ ಹಾಕಿ, ನೀಲಿಗಳ ಪಟ್ಟಿಯನ್ನು ಹೊರತೆಗೆಯಿರಿ. ಪರದೆಯ ಮೇಲೆ ಕಂಡಿದ್ದ ಹೆಸರುಗಳಲ್ಲಿ ಕೆಲವನ್ನು ಹೊಡೆದುಹಾಕಬೇಕಾಗುತ್ತದೆ, ಕೆಲವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಪೆನ್ಸಿಲ್ ಒಯ್ಯಿರಿ. ಚಿತ್ರಗಳಿರುವ ಕೋಣೆಗಳಲ್ಲಿ ಪೆನ್ನು ಹಿಡಿದವರನ್ನು ಕಾವಲಿನವರು ಸಂಶಯದಿಂದ ನೋಡುತ್ತಾರೆ.